ಓದುವ ಮನೆ, ಕೂಡುವ ಕುಟುಂಬ: ಯಹೂದಿ ಬದುಕಿನ ಕೆಲವು ಪುಟಗಳು

(ಬೆಳುವಾಯಿಯ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕುಟುಂಬ ಮತ್ತು ವಿದ್ಯೆ ಎಂಬ ವಿಷಯದಲ್ಲಿ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಯಹೂದಿ ಕುಟುಂಬಗಳ ಬದುಕನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆಂದು ನಾನು ತಿಳಿಸಿದೆ. ಫೋನಿನ ಆ ಬದಿಯಲ್ಲಿ ಒಂದು ಕ್ಷಣ ಮಾತು ನಿಂತಿತು. ಆ ಮೌನಕ್ಕೆ ಕಾರಣವಿಲ್ಲದಿಲ್ಲ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ನಾಗರಿಕರ ಹತ್ಯೆಯ ಬೆನ್ನಿಗೆ ಗಾಝಾದ ಮೇಲೆ ಆರಂಭವಾದ ಯುದ್ಧದಲ್ಲಿ, ಕಟ್ಟಡಗಳ ಅವಶೇಷಗಳೆಡೆಯಿಂದ ಮಕ್ಕಳ ಶವಗಳನ್ನು ಹೊರತೆಗೆಯುವ ದೃಶ್ಯಗಳನ್ನು ನಾವೆಲ್ಲರೂ ಕಂಡಿದ್ದೇವೆ. ಫೆಲೆಸ್ತೀನಿನ ಜನರಿಗಾಗಿ ಪ್ರಾರ್ಥಿಸಿದ ನಾಲಿಗೆಯಿಂದಲೇ ಯಹೂದಿ ಮನೆಗಳ ಬಗ್ಗೆ ಒಳ್ಳೆಯ ಮಾತೇ ಎಂದು ಯಾರಿಗಾದರೂ ಅನಿಸಿದರೆ ಅದು ಸಹಜ.

ಆದರೆ ಒಂದು ಸರಕಾರವನ್ನೂ ಒಂದು ಸಮುದಾಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಅನ್ಯಾಯ ಎಂಥದೆಂಬುದು ಇತರರಿಗಿಂತ ನಮಗೆ ಚೆನ್ನಾಗಿ ಗೊತ್ತಿರಬೇಕು. ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ಇಲ್ಲಿ ಬೆಳುವಾಯಿಯ ಅಂಗಡಿಯವನು ಉತ್ತರ ಕೊಡಬೇಕಾಗಿ ಬರುವುದರ ಕಹಿಯನ್ನು ಉಂಡವರು ನಾವು. ಗ್ರಂಥದವರೆಲ್ಲರೂ ಒಂದೇ ರೀತಿಯವರಲ್ಲವೆಂದು ಪವಿತ್ರ ಕುರ್‌ಆನ್ ಆಲು ಇಮ್ರಾನ್ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಯಹೂದಿಯೊಬ್ಬರ ಶವಯಾತ್ರೆ ಸಾಗಿದಾಗ ಪ್ರವಾದಿ ಮುಹಮ್ಮದ್(ಸ)ರು ಎದ್ದು ನಿಂತರು. ಅದು ಯಹೂದಿಯ ಶವವೆಂದು ಅನುಚರರು ನೆನಪಿಸಿದಾಗ ಅವರು ಕೊಟ್ಟ ಉತ್ತರ ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ, ಮದ್ರಸದಲ್ಲಿ ಕಲಿತ ಮಕ್ಕಳಿಗೂ ಅದು ಗೊತ್ತು. ಇನ್ನೊಂದು ಸಂಗತಿಯಿದೆ. 2023ರ ಅಕ್ಟೋಬರ್ 27, ಶುಕ್ರವಾರ ಸಂಜೆ, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಗಾಝಾದ ಕದನವಿರಾಮಕ್ಕಾಗಿ ಆಗ್ರಹಿಸಿ ನೆಲದ ಮೇಲೆ ಕುಳಿತು, ನೂರಾರು ಸಂಖ್ಯೆಯಲ್ಲಿ ಬಂಧನಕ್ಕೊಳಗಾದವರು ಯಹೂದಿ ಶಾಂತಿವಾದಿಗಳು. ಶುಕ್ರವಾರದ ಸೂರ್ಯ ಮುಳುಗುವ ಮುನ್ನ ಯಹೂದಿ ಮನೆಗಳಲ್ಲಿ ಹಚ್ಚುವ ದೀಪಗಳನ್ನು ಅಂದು ಅವರು ಆ ನಿಲ್ದಾಣದಲ್ಲೇ ಹಚ್ಚಿದರು. ಆ ದೀಪಗಳ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ನಮ್ಮದೇ ಮಂಗಳೂರಿನಲ್ಲಿ ಬಾಳಿದ ಒಂದು ಯಹೂದಿ ಕುಟುಂಬವನ್ನು ನಿಮಗೆ ಪರಿಚಯಿಸಬೇಕು.

ಇಂದಿಗೆ ಸುಮಾರು 900 ವರ್ಷಗಳ ಹಿಂದಿನ ಮಾತು. ಈಗಿನ ಟ್ಯುನೀಶಿಯಾದ ಕಡಲತೀರದಲ್ಲಿ ಮಹ್‌ದಿಯಾ ಎಂಬ ಪಟ್ಟಣವಿದೆ. ಅಲ್ಲಿನ ಅಬ್ರಹಾಮ್ ಬಿನ್ ಯಿಜು ಎಂಬ ತರುಣ ವ್ಯಾಪಾರಿ ಈಜಿಪ್ಟ್ ಮಾರ್ಗವಾಗಿ ಏಡನ್‌ಗೆ ಬಂದು, ಅಲ್ಲಿಂದ ಹಡಗೇರಿ ನಮ್ಮ ಕರಾವಳಿಗೆ ತಲುಪಿದರು. 1132ರ ಹೊತ್ತಿಗೆ ಅವರು ಮಂಗಳೂರಿನಲ್ಲಿದ್ದರು. 1149ರಲ್ಲಿ ಏಡನ್‌ಗೆ ಮರಳುವ ತನಕ, ಅಂದರೆ ಸುಮಾರು 17 ವರ್ಷಗಳ ಕಾಲ, ಅವರ ಬದುಕಿನ ಕೇಂದ್ರ ಈ ಕರಾವಳಿಯೇ ಆಗಿತ್ತು. ಕಾಳುಮೆಣಸು, ಏಲಕ್ಕಿ, ಕಬ್ಬಿಣ ಅವರ ವ್ಯಾಪಾರದ ಸರಕುಗಳು. ಅಡಿಕೆ ಕೂಡ. ಇಂದು ನಿಮ್ಮ ಅಂಗಳಗಳಲ್ಲಿ ಒಣಗುತ್ತಿರುವ ಅದೇ ಅಡಿಕೆ ಅಂದು ಏಡನ್ನಿನ ಬಂದರಿನಲ್ಲಿ ಇಳಿಯುತ್ತಿತ್ತು. ಇದಲ್ಲದೆ ಮಂಗಳೂರಿನಲ್ಲಿ ಅವರಿಗೆ ಕಂಚಿನ ಪಾತ್ರೆಗಳ ಕಾರ್ಖಾನೆಯೊಂದಿತ್ತು. ಏಡನ್ನಿನ ಗೆಳೆಯರು ಒಡೆದ ಹಳೆಯ ತಾಮ್ರದ ಪಾತ್ರೆಗಳನ್ನು ಮೂಟೆ ಕಟ್ಟಿ ಕಳುಹಿಸಿ, ಇಂಥ ಅಳತೆಯ ತಟ್ಟೆ, ಇಂಥ ಮಾದರಿಯ ದೀಪ ಮಾಡಿಸಿ ಕೊಡಿ ಎಂದು ಬರೆಯುತ್ತಿದ್ದರು. ನಮ್ಮ ಕಂಚುಗಾರರು ಅವುಗಳನ್ನು ಕರಗಿಸಿ ಹೊಸದು ಎರಕ ಹೊಯ್ಯುತ್ತಿದ್ದರು.

ಮಂಗಳೂರಿನಲ್ಲಿ ಅವರು ಆಶು ಎಂಬ ಹೆಸರಿನ ಸ್ಥಳೀಯ ದಾಸಿಯೊಬ್ಬರನ್ನು ಬಿಡುಗಡೆಗೊಳಿಸಿದರು. ಬಿಡುಗಡೆ ಪತ್ರದ ದಿನಾಂಕ 1132ರ ಅಕ್ಟೋಬರ್ 17. ಆಕೆಗೆ ಬೆರಾಖಾ ಎಂಬ ಹೊಸ ಹೆಸರನ್ನಿತ್ತರು; ಅರಬಿಯ ಬರಕತ್ ಎಂಬ ಪದದ ಸೋದರ ಪದವದು. ಆಕೆಯೇ ಅವರ ಮಕ್ಕಳ ತಾಯಿಯೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಹೀಗೆ ಒಂದೇ ಚಾವಡಿಯಲ್ಲಿ ಆಫ್ರಿಕಾದ ಯಹೂದಿ ತಂದೆ, ಈ ಮಣ್ಣಿನ ತಾಯಿ, ಸುರೂರ್ ಎಂಬ ಮಗ, ಸಿತ್ತುದ್ದಾರ್ ಎಂಬ ಮಗಳು. ಸುರೂರ್ ಎಂದರೆ ಸಂತೋಷ, ಸಿತ್ತುದ್ದಾರ್ ಎಂದರೆ ಮನೆಯ ಒಡತಿ. ನಮ್ಮ ಹೆಣ್ಣು ಮಕ್ಕಳಿಗೂ ಇಡಬಹುದಾದಂಥ ಹೆಸರು!

ಇವರ ವ್ಯಾಪಾರದ ಓಡಾಟವನ್ನು ನೋಡಿಕೊಳ್ಳುತ್ತಿದ್ದ ಸೇವಕನ ಹೆಸರು ಬೊಮ್ಮ. 1135ರಲ್ಲಿ ಸರಕಿನೊಂದಿಗೆ ಏಡನ್‌ಗೆ ಹೋದ ಬೊಮ್ಮ ಅಲ್ಲಿ ಕುಡಿದು ರಂಪ ಮಾಡಿ, ಯಜಮಾನನ ಗೆಳೆಯರಿಂದ ಹಣ ಕಿತ್ತುಕೊಂಡ ದೂರು ಪತ್ರವೊಂದರಲ್ಲಿದೆ. ಮುಂದಿನ ವರ್ಷಗಳಲ್ಲಿ ಅದೇ ಗೆಳೆಯರು ಅದೇ ಬೊಮ್ಮನಿಗೆ ಶೇಖ್ ಎಂಬ ಗೌರವ ಸೇರಿಸಿ ಸಲಾಮ್ ಹೇಳಿ ಕಳುಹಿಸುತ್ತಿದ್ದರು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದು ಈಜಿಪ್ಟಿನಿಂದ ಮಂಗಳೂರಿನ ತನಕ ಬಂದು, 1992ರಲ್ಲಿ ಆ ಬಗ್ಗೆ ಪ್ರಸಿದ್ಧ ಗ್ರಂಥವೊಂದನ್ನೇ ಪ್ರಕಟಿಸಿದರು.

ಈ ವ್ಯಾಪಾರದಲ್ಲಿ ಮುಸ್ಲಿಮರ ಪಾತ್ರವೇನು? ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಸೀರಾಫಿನ ರಾಮಿಶ್ತ್ ಎಂಬ ಹಡಗು ಮಾಲಕರದ್ದು. ಪವಿತ್ರ ಕಅಬಾಕ್ಕೆ ಚಿನ್ನದ ನೀರ್ಗೊಳವೆಯನ್ನೂ ಚೀನಾದ ಬಟ್ಟೆಯ ಹೊದಿಕೆಯನ್ನೂ ಅರ್ಪಿಸಿದ ಧನಿಕ ಅವರು. 1135ರಲ್ಲಿ ಕೈಶ್ ದ್ವೀಪದ ದೊರೆಯ ನೌಕಾಪಡೆ ಏಡನ್ನನ್ನು ಮುತ್ತಿದಾಗ, ಸರಿಯಾದ ಸಮಯಕ್ಕೆ ಬಂದು ಪಟ್ಟಣವನ್ನು ಉಳಿಸಿದ್ದು ರಾಮಿಶ್ತರ ಎರಡು ಹಡಗುಗಳು. ಕಅಬಾಕ್ಕೆ ಹೊದಿಕೆ ಹೊದಿಸಿದವರ ಹಡಗಿನಲ್ಲಿ ಯಹೂದಿ ವ್ಯಾಪಾರಿಗಳ ಸರಕು ಸಾಗುತ್ತಿತ್ತು. ಅದನ್ನು ಕೊಟ್ಟವರೂ ಒಯ್ದವರೂ ವಿಶೇಷವೆಂದು ತಿಳಿಯಲಿಲ್ಲ. ಮಂಗಳೂರಿನ ಬನಿಯಾ ವರ್ತಕರಿಗೂ ಏಡನ್ನಿನ ಯಹೂದಿ ಮುಖಂಡ ಮದ್ಮೂನ್ ಪತ್ರದಲ್ಲಿ ವಂದನೆ ತಿಳಿಸಿ, ಪಾಲುದಾರಿಕೆಗೆ ಆಹ್ವಾನಿಸುತ್ತಿದ್ದರು. ಇದಾಗಿ 200 ವರ್ಷಗಳ ಬಳಿಕ ಇಬ್ನು ಬತೂತಾ ಬಂದಾಗ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಅವರೇ ದಾಖಲಿಸಿದ್ದಾರೆ. ನಮ್ಮ ಪೂರ್ವಜರ ಕಥೆ ಆ ಬಂದರಿನೊಂದಿಗೆ ಬೆಸೆದುಕೊಂಡದ್ದು; ಬಿನ್ ಯಿಜುವಿನ ಕಥೆ ಅದರ ಪಕ್ಕದ ಪುಟ.

ಈಗ ಮುಖ್ಯ ಪ್ರಶ್ನೆಗೆ ಬರೋಣ. 900 ವರ್ಷಗಳ ಹಿಂದಿನ ಒಬ್ಬ ಸಾಮಾನ್ಯ ವ್ಯಾಪಾರಿಯ ಮನೆಯ ವಿಚಾರ ಇಷ್ಟು ವಿವರವಾಗಿ ನಮಗೆ ತಿಳಿದದ್ದು ಹೇಗೆ? ಅವರು ರಾಜರಲ್ಲ, ಅವರ ಶಾಸನವಿಲ್ಲ, ಗೋರಿಯ ಕಲ್ಲೂ ಇಲ್ಲ.

ಉತ್ತರ ಒಂದು ಧಾರ್ಮಿಕ ಸಂಪ್ರದಾಯದಲ್ಲಿದೆ. ದೇವನ ಹೆಸರಿರುವ ಕಾಗದವನ್ನು ಯಹೂದಿಯರು ಎಸೆಯುವುದಿಲ್ಲ, ಸುಡುವುದಿಲ್ಲ. ಅಂಥ ಹಾಳೆಗಳನ್ನು ತಮ್ಮ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಕೂಡಿಡುತ್ತಾರೆ. ಅದನ್ನು ಗೆನೀಝಾ ಎನ್ನುತ್ತಾರೆ. ನಮ್ಮ ಮಸೀದಿಗಳಲ್ಲಿಯೂ ಹರಿದ ಮುಸ್‌ಹಫಿನ ಹಾಳೆಗಳನ್ನು ಚೀಲದಲ್ಲಿ ಕಟ್ಟಿಟ್ಟು, ಬಳಿಕ ಶುದ್ಧ ಜಾಗದಲ್ಲಿ ಹೂಳುವ ಕ್ರಮವಿದೆಯಲ್ಲವೇ? ಅದರದ್ದೇ ಇನ್ನೊಂದು ರೂಪ. ವ್ಯಾಪಾರದ ಪತ್ರವೂ ದೇವನಾಮದಿಂದಲೇ ಆರಂಭವಾಗುತ್ತಿದ್ದುದರಿಂದ ಅದೂ ಆ ಕೋಣೆಗೇ ಸೇರಿತು. ಮದುವೆಯ ಕರಾರು, ಸಾಲದ ಚೀಟಿ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಅಂಗಡಿಯ ಲೆಕ್ಕ, ಜಗಳದ ತೀರ್ಪು ಎಲ್ಲವೂ ಸೇರಿದವು. ಈಜಿಪ್ಟಿನ ಫುಸ್ತಾತ್‌ನ, ಅಂದರೆ ಹಳೆಯ ಕೈರೋದ, ಬೆನ್ ಎಝ್ರಾ ಮಂದಿರದ ಆ ಕೋಣೆಯಿಂದ 1896-97ರಲ್ಲಿ ಸೋಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಕೇಂಬ್ರಿಡ್ಜ್‌ಗೆ ಸಾಗಿಸಿದ ತುಣುಕುಗಳೇ ಸುಮಾರು 1,93,000. ಅವುಗಳನ್ನು ಜೀವಮಾನವಿಡೀ ಓದಿದವರು ಎಸ್.ಡಿ. ಗೊಯ್ಟೀನ್. ಮಂಗಳೂರಿನ ಪತ್ರಗಳನ್ನು ಬಿಡಿ ಬಿಡಿಯಾಗಿ ಹೊಂದಿಸಿದವರೂ ಅವರೇ. 1985ರಲ್ಲಿ ಅವರು ನಿಧನ ಹೊಂದಿದ ಬಳಿಕ ಶಿಷ್ಯ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿದರು.

ಆ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಇದು ವಿಚಿತ್ರವೆಂದು ಅನಿಸುವವರು ತಮ್ಮ ಅಜ್ಜಿಯಂದಿರನ್ನು ನೆನಪಿಸಿಕೊಳ್ಳಲಿ. ಮಲಯಾಳ ಭಾಷೆಯನ್ನು ಅರಬಿ ಲಿಪಿಯಲ್ಲಿ ಬರೆದ ಮಾಲೆಗಳನ್ನು ಅವರು ರಾಗವಾಗಿ ಓದುತ್ತಿದ್ದರು. ಕನ್ನಡದ ಒಂದಕ್ಷರ ಬಾರದಿದ್ದರೂ ಅವರು ಓದುಬಲ್ಲವರಾಗಿದ್ದರು. ಜನಗಣತಿಯವರ ಪಟ್ಟಿಯಲ್ಲಿ ಮಾತ್ರ ಅನಕ್ಷರಸ್ಥರೆಂದು ಗುರುತಿಸಲ್ಪಡುತ್ತಿದ್ದರು.

ಬಿನ್ ಯಿಜುವಿಗೆ ಬರುತ್ತಿದ್ದ ಕಾಣಿಕೆಗಳ ಪಟ್ಟಿಯನ್ನು ನೋಡಿದರೆ ಸಕ್ಕರೆ, ಒಣದ್ರಾಕ್ಷಿ, ಸಾಬೂನಿನ ಜೊತೆಗೆ ತಪ್ಪದೆ ಇರುತ್ತಿದ್ದ ವಸ್ತು ಕಾಗದ. ಇಲ್ಲಿ ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲವದು. ಬರೆಯುವ ಚಟವಿದ್ದ ಈ ಮನುಷ್ಯನಿಗೆ ಗೆಳೆಯರು ಕಡಲಾಚೆಯಿಂದ ಹಾಳೆಗಳನ್ನು ಕಳುಹಿಸುತ್ತಿದ್ದರು. ಅವರಾದರೂ ಅವನ್ನು ಜತನದಿಂದ ಬಳಸುತ್ತಿದ್ದರು. ಬಂದ ಪತ್ರದ ಹಿಂಬದಿಯಲ್ಲಿ ಲೆಕ್ಕ, ಇನ್ನೊಂದರ ಮೂಲೆಯಲ್ಲಿ ಕರಡು. ಪ್ರಯಾಣ ಹೊರಡುವಾಗಿನ ಸಾಮಾನಿನ ಪಟ್ಟಿಯನ್ನು ಕೂಡ ಅವರು ಏಡನ್ನಿನಿಂದ ಬಂದ ಪತ್ರವೊಂದರ ಬೆನ್ನ ಮೇಲೆ ಬರೆದಿಟ್ಟರು; ಅಕ್ಕಿಯೂ ತೆಂಗಿನಕಾಯಿಯೂ ಇರುವ ಆ ಪಟ್ಟಿಯನ್ನೇ ಆಧರಿಸಿ ಎಲಿಝಬೆತ್ ಲ್ಯಾಂಬೋರ್ನ್ ಎಂಬ ವಿದುಷಿ 2018ರಲ್ಲಿ ಒಂದು ಇಡೀ ಪುಸ್ತಕವನ್ನು ಬರೆದರು. ವ್ಯಾಪಾರಿಯಾದ ಈ ಬಿನ್ ಯಿಜು ಕವಿಯೂ ಹೌದು, ಧರ್ಮಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಬಲ್ಲವರೂ ಹೌದು. ಮೆಣಸಿನ ಮೂಟೆಯನ್ನು ತೂಗುವ ಕೈ ಸಂಜೆ ಶಾಸ್ತ್ರ ಬರೆಯುತ್ತಿತ್ತು. ಉಲಮಾಗಳ ಕೆಲಸ ಬೇರೆ, ವ್ಯಾಪಾರಿಗಳ ಕೆಲಸ ಬೇರೆ ಎಂದು ಸಮುದಾಯವನ್ನು ಎರಡಾಗಿ ಸೀಳಿಕೊಂಡ ನಾವು ಈ ಜಾಗದಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಇಮಾಮ್ ಅಬೂಹನೀಫಾ(ರ) ಜವಳಿ ವ್ಯಾಪಾರಿಯಾಗಿದ್ದರೆಂಬುದನ್ನು ನಾವು ಭಾಷಣದಲ್ಲಿ ಹೇಳುತ್ತೇವೆ, ಅಂಗಡಿಯಲ್ಲಿ ಮರೆಯುತ್ತೇವೆ.

1148ರಲ್ಲಿ ಸಿಸಿಲಿಯ ದೊರೆ ರೋಜರ್ ಮಹ್‌ದಿಯಾವನ್ನು ವಶಪಡಿಸಿಕೊಂಡ. ಬಿನ್ ಯಿಜುವಿನ ಸೋದರರು ದಿಕ್ಕಾಪಾಲಾಗಿ ಸಿಸಿಲಿಯ ಪಾಲಾದರು. ಸುದ್ದಿ ತಿಳಿದ ಬಿನ್ ಯಿಜು 1149ರ ಸೆಪ್ಟೆಂಬರ್‌ನಲ್ಲಿ ಏಡನ್ನಿನಿಂದ ಬರೆದ ಪತ್ರ ಉಳಿದಿದೆ. ತಾನು ಮಕ್ಕಳೊಂದಿಗೆ, ನಮ್ಮೆಲ್ಲರಿಗೂ ಸಾಕಾಗುವಷ್ಟು ಸಂಪತ್ತಿನೊಂದಿಗೆ ಬಂದಿದ್ದೇನೆ. ಉಟ್ಟ ಬಟ್ಟೆಯಲ್ಲೇ ಹೊರಟು ಬನ್ನಿ, ಇದ್ದುದನ್ನು ಒಟ್ಟಿಗೆ ಉಣ್ಣೋಣ ಎಂಬುದೇ ಅದರ ಸಾರ. ಎಲ್ಲರೂ ಹಾಗೆಯೇ ನಡೆದುಕೊಂಡರೇ? ಇಲ್ಲ. ಮುಬಶ್ಶಿರ್ ಎಂಬ ಸೋದರ ಬಂದು ದೊಡ್ಡ ಮೊತ್ತವೊಂದನ್ನು ನುಂಗಿ ಹಾಕಿದ. ಮನೆ ಎಂದರೆ ಇದೂ ಇರುತ್ತದೆ. ಈ ಸಭೆಯಲ್ಲಿ ಅಂಥ ಒಬ್ಬ ತಮ್ಮನನ್ನೋ ಭಾವನನ್ನೋ ಕಂಡವರು ಇರಬಹುದು, ನಾನು ಕೈ ಎತ್ತಲು ಹೇಳುವುದಿಲ್ಲ.

ಆ ಬಳಿಕ ಮಗ ತೀರಿಕೊಂಡ. ಉಳಿದವಳು ಮಗಳು ಸಿತ್ತುದ್ದಾರ್ ಒಬ್ಬಳೇ. ತಂದೆಯ ಅಷ್ಟೂ ಆಸ್ತಿಗೆ ಆಕೆಯೇ ಹಕ್ಕುದಾರಳು. ಏಡನ್ನಿನ ಪ್ರತಿಷ್ಠಿತ ವ್ಯಾಪಾರಿ ಕುಟುಂಬವೊಂದು ತಮ್ಮ ಮಗನಿಗೆ ಆಕೆಯನ್ನು ಕೇಳಿತು. ಬಿನ್ ಯಿಜು ಆ ಸಂಬಂಧವನ್ನು ಬಿಟ್ಟು ಸಿಸಿಲಿಯಲ್ಲಿದ್ದ ಸೋದರ ಯೂಸುಫನ ಮಗನನ್ನು ಆರಿಸಿಕೊಂಡರು. ಯೂಸುಫ್ ಶ್ರೀಮಂತನಲ್ಲ, ಮಕ್ಕಳಿಗೆ ಪಾಠ ಹೇಳಿ ಬದುಕುವವನು. ಅವನ ಮಕ್ಕಳು ತೌರಾತಿನ ವಿದ್ಯೆಯಲ್ಲಿ ಪಳಗಿದವರೆಂಬ ಸುದ್ದಿ ಬಿನ್ ಯಿಜುವಿಗೆ ತಲುಪಿತ್ತು. ಅದೇ ಅವರಿಗೆ ಅರ್ಹತೆಯಾಯಿತು. 1156ರ ಆಗಸ್ಟ್‌ನಲ್ಲಿ ಫುಸ್ತಾತ್‌ನಲ್ಲಿ ಈ ಮದುವೆ ನಡೆಯಿತು. ಮಂಗಳೂರಿನ ಅಂಗಳದಲ್ಲಿ ಆಡಿದ ಹುಡುಗಿ ಸಿಸಿಲಿಯಿಂದ ಬಂದ ಹುಡುಗನ ಕೈ ಹಿಡಿದಳು.

ನಾನು ಇದನ್ನು ಹಾಡಿ ಹೊಗಳುವುದಿಲ್ಲ. ಆ ಹುಡುಗಿಯ ಒಪ್ಪಿಗೆಯನ್ನು ಯಾರು ಕೇಳಿದರು ಎಂಬ ಪ್ರಶ್ನೆ ನನ್ನಲ್ಲಿದೆ. ಇಸ್ಲಾಮಿನಲ್ಲಿ ಆ ಒಪ್ಪಿಗೆ ನಿಕಾಹಿನ ಜೀವಾಳ. ಆದರೂ ಹಣವಿದ್ದ ಒಬ್ಬ ತಂದೆ ಹಣವಂತನನ್ನು ಬಿಟ್ಟು ಓದಿದವನನ್ನು ಹುಡುಕಿದರೆಂಬುದು ಗಮನಿಸತಕ್ಕದ್ದು. ನಮ್ಮಲ್ಲಿ ಏನಾಗುತ್ತಿದೆ? ಹುಡುಗ ದುಬೈಯಲ್ಲಿದ್ದಾನೆಯೇ, ಸ್ವಂತ ವೀಸಾವೇ, ಮನೆಗೆ ಎಷ್ಟು ಮಹಡಿ? ಹುಡುಗಿಯ ಕಡೆಯವರಿಂದ ಬಂಗಾರ ಎಷ್ಟು ಪವನು? ಇಬ್ಬರಲ್ಲಿ ಒಬ್ಬರಾದರೂ ಕಳೆದ ವರ್ಷದಲ್ಲಿ ಒಂದು ಪುಸ್ತಕ ಓದಿ ಮುಗಿಸಿದ್ದಾರೆಯೇ ಎಂದು ಕೇಳಿದ ದಲ್ಲಾಳಿಯನ್ನು ನಾನಿನ್ನೂ ಕಂಡಿಲ್ಲ.

ವಿದ್ಯೆಯ ವಿಚಾರವನ್ನು ಇನ್ನು ಸ್ವಲ್ಪ ಮುಂದುವರಿಸುತ್ತೇನೆ. ಆ ಫುಸ್ತಾತ್ ಸಮುದಾಯದಲ್ಲಿ ಅನಾಥ ಮಕ್ಕಳ ಮತ್ತು ಬಡ ಮಕ್ಕಳ ಪಾಠದ ಶುಲ್ಕವನ್ನು ಸಾಮುದಾಯಿಕ ನಿಧಿಯಿಂದ ಕೊಡುತ್ತಿದ್ದರು; ಕೊಟ್ಟ ಲೆಕ್ಕವೂ ಉಳಿದಿದೆ. ಬಣ್ಣದ ಚಿತ್ರಗಳಿಂದ ಅಲಂಕರಿಸಿದ ಮಕ್ಕಳ ಅಕ್ಷರಮಾಲೆ ಪುಸ್ತಕದ ಹಾಳೆಗಳೂ ಸಿಕ್ಕಿವೆ. ಯೆಮೆನಿನ ಯಹೂದಿಯರಲ್ಲಿ ಪುಸ್ತಕಗಳು ಎಷ್ಟು ವಿರಳವಾಗಿದ್ದವೆಂದರೆ ಒಂದೇ ಗ್ರಂಥದ ಸುತ್ತ ಮಕ್ಕಳು ಕುಳಿತು ಕಲಿಯುತ್ತಿದ್ದರು. ಪರಿಣಾಮವಾಗಿ ಎದುರುಗಡೆ ಕುಳಿತವನಿಗೆ ಅಕ್ಷರವನ್ನು ತಲೆಕೆಳಗಾಗಿ ಓದುವುದೇ ರೂಢಿಯಾಗುತ್ತಿತ್ತು. ನಮ್ಮ ಮಕ್ಕಳ ಚೀಲದಲ್ಲಿ ಹನ್ನೆರಡು ಪುಸ್ತಕಗಳಿವೆ.

ಅದೇ ಫುಸ್ತಾತ್‌ನಲ್ಲಿ ಮೂಸಾ ಇಬ್ನು ಮೈಮೂನ್ ಎಂಬ ಮಹಾ ವಿದ್ವಾಂಸರು ಬಾಳಿದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಆಸ್ಥಾನದ ವೈದ್ಯರಾಗಿದ್ದ ಅವರು 1204ರಲ್ಲಿ ನಿಧನ ಹೊಂದಿದರು. ಅವರ ಮುಂದೆ ಬಂದ ಪ್ರಶ್ನೆಯೊಂದು ಹೀಗಿದೆ: ಒಬ್ಬಾಕೆಯ ಗಂಡ ದೇಶಾಂತರ ಹೋಗಿ ವರ್ಷಗಟ್ಟಲೆ ಬರಲಿಲ್ಲ. ಆಕೆ ತಾನು ಕಲಿತಿದ್ದ ಓದನ್ನೇ ನೆಚ್ಚಿ ಮಕ್ಕಳಿಗೆ ಪಾಠ ಹೇಳುತ್ತಾ ತನ್ನ ಮಕ್ಕಳನ್ನು ಸಾಕಿದಳು. ಮರಳಿ ಬಂದ ಗಂಡ, ಇದು ನನಗೆ ಗೌರವವಲ್ಲ, ನಿಲ್ಲಿಸು ಎಂದ. ಇಬ್ನು ಮೈಮೂನ್ ಅಂದಿನ ಕಾನೂನಿನಂತೆ ಗಂಡನ ಹಕ್ಕನ್ನು ಒಪ್ಪಿದರೂ, ಆ ಹೆಣ್ಣು ವಿಚ್ಛೇದನ ಪಡೆದು ತನ್ನ ಶಾಲೆಯನ್ನು ನಡೆಸಿಕೊಂಡು ಹೋಗುವ ದಾರಿಯನ್ನೂ ಉತ್ತರದಲ್ಲೇ ತೋರಿಸಿದರು. ಗಂಡ ಗಲ್ಫಿನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ ಎಂಬ ಬದುಕು ನಮ್ಮ ಅನೇಕ ಮನೆಗಳದ್ದು. ಡಿಗ್ರಿ ಮುಗಿಸಿದ ಹೆಣ್ಣು ಮಕ್ಕಳು ಮದುವೆಯ ಮರುದಿನವೇ ಸರ್ಟಿಫಿಕೇಟನ್ನು ಕಪಾಟಿನೊಳಗಿಟ್ಟು ಬೀಗ ಹಾಕಬೇಕಾಗುವುದೇಕೆಂದು ಈ ಸಭೆಯ ಗಂಡಸರು ಯೋಚಿಸಬೇಕು.

ಇಬ್ನು ಮೈಮೂನರ ಮನೆಯ ನೋವಿಗೂ ನಮ್ಮ ಕಡಲಿಗೂ ಸಂಬಂಧವಿದೆ. ಅಣ್ಣ ಓದಲಿ ಎಂದು ವ್ಯಾಪಾರದ ಹೊಣೆಯನ್ನೆಲ್ಲ ಹೊತ್ತ ತಮ್ಮ ದಾವೂದ್, ಕೆಂಪು ಸಮುದ್ರದ ಬಂದರೊಂದರಿಂದ ಪತ್ರ ಬರೆದು ಭಾರತಕ್ಕೆ ಹಡಗೇರಿದವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ವರ್ಷಗಳು ಕಳೆದ ಬಳಿಕವೂ ತಮ್ಮನ ಕೈಬರಹ ಕಂಡಾಗಲೆಲ್ಲ ದುಃಖ ಮರಳಿ ಬರುತ್ತದೆಂದು ಅವರು ಬರೆದುಕೊಂಡಿದ್ದಾರೆ. ಒಬ್ಬ ದುಡಿದು ಇನ್ನೊಬ್ಬನನ್ನು ಓದಿಸುವ ಮನೆಗಳು ನಮ್ಮಲ್ಲೂ ಇವೆ, ಅವುಗಳ ಋಣ ದೊಡ್ಡದು.

ಇನ್ನು ಆ ಶುಕ್ರವಾರದ ದೀಪಗಳು. ಯಹೂದಿಯರ ಶಬ್ಬಾತ್, ಅಂದರೆ ನಾವು ಅರಬಿಯಲ್ಲಿ ಸಬ್ತ್ ಎನ್ನುವ ದಿನ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯ ತನಕ. ಸಾಮಾನ್ಯವಾಗಿ ಮನೆಯೊಡತಿ ದೀಪ ಹಚ್ಚುತ್ತಾಳೆ. ಅಲ್ಲಿಂದ ಮುಂದೆ ನಿಷ್ಠಾವಂತ ಮನೆಗಳಲ್ಲಿ ವ್ಯಾಪಾರವಿಲ್ಲ, ಒಲೆ ಹಚ್ಚುವುದಿಲ್ಲ, ವಾಹನ ಓಡುವುದಿಲ್ಲ, ಇಂದಿನ ದಿನಗಳಲ್ಲಿ ಫೋನೂ ಇಲ್ಲ. ಅಡುಗೆ ಮೊದಲೇ ಆಗಿರುತ್ತದೆ. ತಂದೆ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಗಂಡುಮಕ್ಕಳು ಪ್ರವಾದಿ ಯೂಸುಫ್(ಅ)ರ ಮಕ್ಕಳಂತಾಗಲಿ, ಹೆಣ್ಣುಮಕ್ಕಳು ಸಾರಾ ಮೊದಲಾದ ಪೂರ್ವ ಮಾತೆಯರಂತಾಗಲಿ ಎಂದು. ಅನೇಕ ಮನೆಗಳಲ್ಲಿ ಗಂಡ ಹೆಂಡತಿಯ ಗುಣವನ್ನು ಹೊಗಳುವ ಶ್ಲೋಕಗಳನ್ನು ಎಲ್ಲರೆದುರು ಓದುತ್ತಾನೆ. ವಾರಕ್ಕೊಮ್ಮೆ! ನಮ್ಮಲ್ಲಿ ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಬಾಯಿ ತೆರೆಯುವ ಗಂಡಸರಿದ್ದಾರೆ. ಊಟದ ನಡುವೆ ಆ ವಾರದ ತೌರಾತ್ ಭಾಗದ ಚರ್ಚೆ ನಡೆಯುತ್ತದೆ. ತೌರಾತನ್ನು 54 ಭಾಗಗಳಾಗಿ ಹಂಚಿ ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ, ಮುಗಿಸಿದ ದಿನ ಕುಣಿದು ಸಂಭ್ರಮಿಸಿ, ಅಂದೇ ಮೊದಲ ಪುಟವನ್ನು ಮತ್ತೆ ತೆರೆಯುತ್ತಾರೆ. ಈಜಿಪ್ಟಿನ ಫಿರ್‌ಔನನಿಂದ ಬಿಡುಗಡೆ ಪಡೆದುದನ್ನು ಸ್ಮರಿಸುವ ಹಬ್ಬದ ರಾತ್ರಿಯಂತೂ ಊಟ ಆರಂಭವಾಗುವುದು ಮನೆಯ ಅತ್ಯಂತ ಕಿರಿಯ ಮಗು ಪ್ರಶ್ನೆ ಕೇಳಿದ ಮೇಲೆಯೇ. ಈ ರಾತ್ರಿ ಏಕೆ ಬೇರೆ ಎಂದು ಮಗು ಕೇಳಬೇಕು, ಹಿರಿಯರು ಉತ್ತರಿಸಬೇಕು. ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸುವುದಿಲ್ಲ.

ವಯಸ್ಕರ ಓದೂ ನಿಲ್ಲುವುದಿಲ್ಲ. 1923ರಲ್ಲಿ ಮೇಯಿರ್ ಶಪೀರೋ ಎಂಬ ಧರ್ಮಗುರು ತಲ್ಮೂದ್ ಗ್ರಂಥವನ್ನು ದಿನಕ್ಕೊಂದು ಹಾಳೆಯಂತೆ ಜಗತ್ತಿನ ಎಲ್ಲರೂ ಒಟ್ಟಿಗೆ ಓದುವ ಪದ್ಧತಿಯನ್ನು ಆರಂಭಿಸಿದರು. ಒಟ್ಟು 2,711 ಹಾಳೆಗಳು, ಏಳೂವರೆ ವರ್ಷಗಳಿಗೆ ಹತ್ತಿರ. ಮುಂಬಯಿಯಲ್ಲಿರುವವನೂ ಮಾಂಟ್ರಿಯಲ್‌ನಲ್ಲಿರುವವನೂ ಒಂದೇ ದಿನ ಒಂದೇ ಹಾಳೆಯಲ್ಲಿರುತ್ತಾರೆ. 2020ರ ಜನವರಿಯಲ್ಲಿ 14ನೇ ಸುತ್ತು ಆರಂಭವಾಯಿತು. ನಮ್ಮಲ್ಲಿ ರಮಝಾನಿನಲ್ಲಿ ಕುರ್‌ಆನ್ ಪೂರ್ತಿಗೊಳಿಸುವ ಉತ್ಸಾಹವಿದೆ, ಅಲ್‌ಹಮ್ದುಲಿಲ್ಲಾಹ್. ಅರ್ಥ ತಿಳಿದು ಓದುವವರು ಎಷ್ಟು? ಮದ್ರಸದ ಪಬ್ಲಿಕ್ ಪರೀಕ್ಷೆ ಮುಗಿದ ದಿನ ಧಾರ್ಮಿಕ ಓದಿಗೂ ಮುಕ್ತಾಯ ಹಾಡುವ ಹುಡುಗ, ನಲ್ವತ್ತನೇ ವಯಸ್ಸಿನಲ್ಲೂ ಹತ್ತು ವರ್ಷದ ಮಗುವಿನ ಧರ್ಮಜ್ಞಾನದಲ್ಲೇ ಬದುಕುತ್ತಿರುತ್ತಾನೆ.

ನಾವೂ ಶಬ್ಬಾತ್ ಆಚರಿಸೋಣವೆಂದು ನಾನು ಹೇಳುತ್ತಿಲ್ಲ. ಜುಮಾ ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ನಮಗೆ ಆದೇಶವಿದೆ. ದಿನವಿಡೀ ಬಾಗಿಲು ಮುಚ್ಚುವ ಕಟ್ಟಳೆ ನಮ್ಮದಲ್ಲ. ಕುಟುಂಬ ಒಟ್ಟಿಗೆ ಕೂರುವುದಕ್ಕೆ ಅಡ್ಡಿ ಯಾರದ್ದು? ಮದುವೆಗೆ 2,000 ಮಂದಿಯನ್ನು ಕರೆಯುವ ಮನೆಯಲ್ಲಿ ವಾರಕ್ಕೊಮ್ಮೆ ನಾಲ್ಕು ಮಂದಿ ಒಂದೇ ಸುಪ್ರದ ಸುತ್ತ ಕೂರುವುದು ಅಪರೂಪವಾಗಿದೆ. ಸಾವಿನ ಮನೆಯ ವಿಚಾರವಂತೂ ಇನ್ನೂ ಬೇಸರದ್ದು. ಯಹೂದಿಯರಲ್ಲಿ ಸಾವಿನ ಬಳಿಕ ಏಳು ದಿನಗಳ ಕಾಲ ಮನೆಯವರು ನೆಲಮಟ್ಟದಲ್ಲಿ ಕುಳಿತು ಶೋಕಾಚರಣೆ ಮಾಡುತ್ತಾರೆ. ನೆರೆಹೊರೆಯವರು ಊಟ ತಂದು ಕೊಡುತ್ತಾರೆ. ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಊಟ ಮಾಡಿ ಕೊಡಿರೆಂದು ಪ್ರವಾದಿ(ಸ)ರು ಆದೇಶಿಸಿದ್ದರು. ನಮ್ಮ ಊರುಗಳಲ್ಲಿ ಸತ್ತವನ ಮಕ್ಕಳು ಸಾಲ ಮಾಡಿ ಬಂದವರಿಗೆ ಬಿರಿಯಾನಿ ಹಾಕುತ್ತಾರೆ. ಸುನ್ನತ್ತು ಯಾರ ಮನೆಯಲ್ಲಿ ಉಳಿದಿದೆ, ಯಾರ ಮನೆಯಿಂದ ಹೊರಟುಹೋಗಿದೆ ಎಂದು ನೀವೇ ನಿರ್ಧರಿಸಿ.

ಭಾರತದ ಯಹೂದಿಯರು ಈಗ ಬಹಳ ಕಡಿಮೆ. ಕೊಂಕಣದ ಬೆನೆ ಇಸ್ರೇಲಿಗಳು ಎಣ್ಣೆ ಗಾಣದವರಾಗಿದ್ದು, ಶನಿವಾರ ಗಾಣ ಕಟ್ಟದಿದ್ದುದರಿಂದ ಶನಿವಾರ ತೇಲಿ ಎನಿಸಿಕೊಂಡರು. ಬೆಂಗಳೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಯಹೂದಿ ದಫನಭೂಮಿಗೆ ಜಾಗ ಸಿಕ್ಕಿತು. ಕೋಲ್ಕತಾದಲ್ಲಿ 1881ರಲ್ಲಿ ಸ್ಥಾಪನೆಯಾದ ಯಹೂದಿ ಬಾಲಕಿಯರ ಶಾಲೆಯಲ್ಲಿ ಈಗ ಓದುತ್ತಿರುವವರು ಬಹುತೇಕ ಮುಸ್ಲಿಮ್ ಹುಡುಗಿಯರು. ಅಲ್ಲಿನ ಯಹೂದಿ ಮಂದಿರಗಳನ್ನು ತಲೆಮಾರುಗಳಿಂದ ಗುಡಿಸಿ ಕಾಯುತ್ತಿರುವವರೂ ಮುಸ್ಲಿಮರೇ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಮಂದಿರವಿದೆ. ಅದರ ಬೀದಿಯಲ್ಲಿ ಸಾರಾ ಕೋಹೆನ್ ಎಂಬ ಹಿರಿಯರು ಕಸೂತಿಯ ಅಂಗಡಿ ಇಟ್ಟುಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹುಡುಗನಾಗಿದ್ದಾಗ ಆ ಬೀದಿಯಲ್ಲಿ ಪೋಸ್ಟ್ ಕಾರ್ಡ್ ಮಾರುತ್ತಿದ್ದ ತಾಹಾ ಇಬ್ರಾಹೀಮ್‌ಗೆ ಸಾರಾ ಅವರ ಪತಿ ಜೇಕಬ್ ಕೋಹೆನ್ ತಮ್ಮ ಮನೆಯಲ್ಲಿ ಸಾಮಾನು ಇಡಲು ಜಾಗ ಕೊಟ್ಟಿದ್ದರು. ಜೇಕಬ್ ತೀರಿಕೊಂಡ ಮೇಲೆ ತಾಹಾ ಮಗನಂತೆ ಸಾರಾ ಅವರನ್ನು ನೋಡಿಕೊಂಡರು. 2019ರ ಆಗಸ್ಟ್‌ನಲ್ಲಿ 96ರ ವಯಸ್ಸಿನಲ್ಲಿ ಸಾರಾ ನಿಧನರಾದ ಬಳಿಕವೂ ಆ ಅಂಗಡಿಯನ್ನು ಮುಚ್ಚಲು ಬಿಡಲಿಲ್ಲ. ಕೇರಳದ ಯಹೂದಿ ಮಹಿಳೆಯರು ಮಲಯಾಳದ ಹಾಡುಗಳನ್ನು ನೋಟ್ ಪುಸ್ತಕಗಳಲ್ಲಿ ಬರೆದಿಟ್ಟು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದರು. 1950ರ ದಶಕದಲ್ಲಿ ಅವರಲ್ಲಿ ಬಹುಪಾಲು ಮಂದಿ ಇಸ್ರೇಲಿಗೆ ಹೊರಟುಹೋದಾಗ ಪೆಟ್ಟಿಗೆಯಲ್ಲಿ ಆ ಪುಸ್ತಕಗಳೂ ಹೋದವು. ಹಾಡುಗಳು ಉಳಿದದ್ದು ಅದರಿಂದ.

ನಾವೇನು ಉಳಿಸಿದ್ದೇವೆ? ಇಲ್ಲಿಂದ ಕೂಗಳತೆಯೆನ್ನಬಹುದಾದ ಮೂಡುಬಿದಿರೆಯಲ್ಲಿ ಜೈನ ಬಂಧುಗಳು ಧವಲಾ ಗ್ರಂಥದ 12ನೇ ಶತಮಾನದ ತಾಳೆಗರಿಗಳನ್ನು ಶತಮಾನಗಳ ಕಾಲ ಕಣ್ಣಿನಂತೆ ಕಾಪಾಡಿದರು. ನಮ್ಮ ಮನೆಗಳ ಅಟ್ಟದಲ್ಲಿ ತಗಡಿನ ಟ್ರಂಕುಗಳಿವೆ, ಅಥವಾ ಇದ್ದವು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗಲ್ಫಿಗೆ ಹೋದ ಬಾಪಂದಿರು ಬರೆದ ನೀಲಿ ಅಂಚಿನ ಪತ್ರಗಳು, ಬರೆಯಲು ಬಾರದವರು ದನಿ ತುಂಬಿಸಿ ಕಳುಹಿಸಿದ ಟೇಪ್ ರೆಕಾರ್ಡರಿನ ಕ್ಯಾಸೆಟ್ಟುಗಳು, ಅಜ್ಜಿಯ ಮಾಲೆಯ ಪುಸ್ತಕ, ನಿಕಾಹಿನ ಹಳೆಯ ಚೀಟಿ. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವ ದಿನ ಅವೆಲ್ಲ ಅಂಗಳದ ಬೆಂಕಿಗೆ ಬೀಳುತ್ತವೆ. ಕುರ್‌ಆನಿನ ಹಾಳೆಯನ್ನು ಪ್ರತ್ಯೇಕಿಸಿ ಎತ್ತಿಡುತ್ತೇವೆ, ಉಳಿದದ್ದು ಕಸ. ಬ್ಯಾರಿಗಳ ಇತಿಹಾಸ ಬರೆಯಲು ಹೊರಟವರು ಆಧಾರ ಎಲ್ಲಿ ಎಂದು ಅಲೆಯುತ್ತಿದ್ದಾರೆ. ಆಧಾರವನ್ನು ನಾವೇ ಸುಟ್ಟು ನೀರು ಕಾಯಿಸಿ ಮಿಂದಿದ್ದೇವೆ.

ಬಿನ್ ಯಿಜುವಿನ ಅಷ್ಟೊಂದು ಪತ್ರಗಳ ನಡುವೆ ಮಂಗಳೂರಿನ ಆ ತಾಯಿಯ, ಆಶುವಿನ, ಒಂದೇ ಒಂದು ಮಾತು ಸಿಗುವುದಿಲ್ಲ. ಗಂಡನಿಗೆ ಗೆಳೆಯರು ಬರೆದದ್ದಿದೆ, ಗಂಡ ಸೋದರರಿಗೆ ಬರೆದದ್ದಿದೆ, ಕುಡಿದ ಬೊಮ್ಮನ ಲೆಕ್ಕವೂ ಇದೆ. ಆಕೆಯದ್ದಿಲ್ಲ. ಆಕೆಯ ಹೆಸರು ಉಳಿದದ್ದು ಕೂಡ ಇನ್ನೊಬ್ಬರು ಬರೆದ ಬಿಡುಗಡೆ ಪತ್ರದಿಂದ.

ಸಹೋದರಿಯರೇ, ಸಭೆ ಮುಗಿದ ಬಳಿಕ ಮದ್ರಸದ ಹಿಂದಿನ ಕೋಣೆಯಲ್ಲಿ ನಾವು ಮೂವರು ಕುಳಿತಿರುತ್ತೇವೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಪತ್ರ, ಕ್ಯಾಸೆಟ್, ಮಾಲೆ, ಅಥವಾ ಉಮ್ಮ ಹಾಡುತ್ತಿದ್ದ ಹಾಡಿನ ಬರಹವಿದ್ದರೆ ತಿಳಿಸಿ. ಮೂಲ ನಿಮ್ಮಲ್ಲೇ ಇರಲಿ, ನಕಲು ತೆಗೆದುಕೊಳ್ಳುತ್ತೇವೆ; ಮನೆಯ ಗುಟ್ಟಿನ ಪುಟಗಳನ್ನು ತೆಗೆದಿಟ್ಟು ಕೊಟ್ಟರೂ ಸಾಕು. ಅರಬಿ ಮಲಯಾಳ ಓದಬಲ್ಲ ಅಜ್ಜಿಯರಿದ್ದರೆ ಹೆಸರು ಕೊಡಿ, ಅವರಿದ್ದಲ್ಲಿಗೇ ಬರುತ್ತೇವೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಇಶಾ ನಮಾಝಿನ ಬಳಿಕ ಇಲ್ಲೇ ಸೇರಿ ಅವುಗಳನ್ನು ಓದಲು ಆರಂಭಿಸಲಿದ್ದೇವೆ. ಮಕ್ಕಳನ್ನೂ ಕರೆತನ್ನಿ. ವಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹಿ ವಬರಕಾತುಹು.